ಅರ್ಧ ಮಾತಿನ ನಾಣ್ಯಗಳು

ಜನವರಿ 11, ಗುರುವಾರ

ಮಾತಿನ ತರಬೇತಿ ಕೊಡಲು ಬರುವ ಮಿರ್ತೆ ಈ ನೋಟ್‌ಬುಕ್ಕನ್ನು ನನ್ನ ಕೈಗಿತ್ತು, "ಬರೀರಿ ಔಕೆ ಅವರೇ. ನಿಮ್ಮ ಹೆಂಡತಿಗೋಸ್ಕರ ಅಲ್ಲ, ನಿಮಗೋಸ್ಕರ" ಎಂದಳು. ನಮ್ಮ ಹಾರ್ಲಿಂಗನ್ ಊರಿನ ಕಾಲುವೆಯ ಸೇತುವೆ ಕಾಯುತ್ತಿದ್ದ ಮೂವತ್ತನಾಲ್ಕು ವರ್ಷ ನಾನು ಬರೆದದ್ದು ದೋಣಿಯ ಹೆಸರು, ಗಾಳಿಯ ದಿಕ್ಕು, ದೋಣಿ ದಾಟಲೆಂದು ಸೇತುವೆ ಎತ್ತಿದ ಹೊತ್ತು, ಇಷ್ಟೇ. ಇದನ್ನೂ ಹಾಗೇ ಬರೆಯುತ್ತೇನೆ.

ಗಾಳಿ ವಾಯವ್ಯ. ಚಳಿ. ನನ್ನ ಹೆಂಡತಿ ಫೆನ್ನಾ ಆಸ್ಪತ್ರೆಯಿಂದ ಮನೆಗೆ ಬಂದು ಆರು ದಿನ.

ನವೆಂಬರಿನಲ್ಲಿ, ಹಾಯಿ ಹೊಲಿಯುವ ಕಾರ್ಖಾನೆಯಲ್ಲಿ, ಕೈಯಲ್ಲಿ ಸೂಜಿ ಇರುವಾಗಲೇ ಕುಸಿದಳು. ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತಂತೆ. ಬಲಗೈ ಸೋತಿದೆ. ನಡೆಯುತ್ತಾಳೆ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಆದರೆ ಅವಳ ಬಾಯಿಗೆ ಬರುವುದು ಒಂದೇ ಮಾತು: "ನಾಳೆ." ಕಾಫಿ ಬೇಕಾದರೆ ನಾಳೆ. ಕಿಟಕಿ ಹಾಕು ಎನ್ನುವುದಕ್ಕೂ ನಾಳೆ. ಸಿಟ್ಟು ಬಂದರೆ ನಾಳೆ ನಾಳೆ ನಾಳೆ.

ಅವಳು ಪದ ಹುಡುಕುವಾಗ ನಾನು ಬಾಯಿ ಹಾಕಬಾರದು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು ಎಂದು ಮಿರ್ತೆಯ ಕಟ್ಟಪ್ಪಣೆ. ಒಂದು ಹಾಯಿದೋಣಿಗಾಗಿ ಅರ್ಧ ಊರಿನ ಕಾರುಗಳನ್ನು ನಿಲ್ಲಿಸಿದ ಮನುಷ್ಯ ನಾನು. ಇವತ್ತು ನಾಲ್ಕರವರೆಗೆ ಎಣಿಸಿದೆ.

ಜನವರಿ 14, ಭಾನುವಾರ

ಬಟಾಣಿ ಸೂಪು ಮಾಡಿದ್ದೆ. ಅವಳು ಏನೋ ಕೇಳಿದಳು. ನೀರು ತಂದೆ, ಬ್ರೆಡ್ಡು ತಂದೆ, ಕರವಸ್ತ್ರ ತಂದೆ, ಕಿಟಕಿ ತೆರೆದು ಮತ್ತೆ ಮುಚ್ಚಿದೆ. ಅವಳು ಚಮಚ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು. ಪಾತ್ರೆ ತೊಳೆಯುವ ಮುನ್ನ ಮಿಕ್ಕಿದ್ದನ್ನು ರುಚಿ ನೋಡಿದೆ. ಉಪ್ಪೇ ಹಾಕಿರಲಿಲ್ಲ.

ಜನವರಿ 23, ಮಂಗಳವಾರ

ಬೌಡೆವೈನ್ ಬಂದಿದ್ದ. ತನ್ನ ಬೇಕರಿ ಮುಚ್ಚಿ ಹತ್ತು ವರ್ಷವಾದರೂ ಸಕ್ಕರೆ ಬ್ರೆಡ್ಡನ್ನು ತಾನೇ ಬೇಯಿಸಿ ತರುತ್ತಾನೆ. ಫೆನ್ನಾ ಹೋಗುತ್ತಿದ್ದ, ಹಳೆಯ ನಾಣ್ಯ ಕೂಡಿಸುವವರ ಸಂಘಕ್ಕೆ ಅವನೇ ಯಜಮಾನ. ಹನ್ನೊಂದು ಜನ, ತಿಂಗಳ ಮೊದಲ ಶನಿವಾರ, ಬಂದರಿನ ಕಾಫಿ ಅಂಗಡಿಯ ಹಿಂದಿನ ಕೋಣೆ. ನಾನು ಅವಳನ್ನು ಬಾಗಿಲಲ್ಲಿ ಇಳಿಸಿ, ಕಾರಿನಲ್ಲಿ ರೇಡಿಯೋ ಕೇಳುತ್ತ ಕೂತಿರುತ್ತಿದ್ದೆ.

ಅವಳು ಮಲಗಿದ್ದಳು. ಬೌಡೆವೈನನಿಗೆ ವಿಷಯ ಹೇಳಿದೆ. ದಿನಾ ಬೆಳಿಗ್ಗೆ ಅವಳು ಬೀರುವಿನ ಮುಂದೆ ಕೂರುತ್ತಾಳೆ. ಎಡಗೈಯಲ್ಲಿ ಡ್ರಾಯರ್ ಎಳೆಯುತ್ತಾಳೆ. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಡಕಟ್ ಎನ್ನುವ ಇಪ್ಪತ್ತಾರು ಹಳೆಯ ಚಿನ್ನದ ನಾಣ್ಯಗಳು. ಹಾಯಿ ಹೊಲಿದ ಸಂಬಳದಲ್ಲಿ ಒಂದೊಂದಾಗಿ ನಲವತ್ತು ವರ್ಷ ಕೂಡಿಸಿದ್ದು. ನೋಡುತ್ತಾಳೆ, ಅಳುತ್ತಾಳೆ, ಡ್ರಾಯರ್ ತಳ್ಳುತ್ತಾಳೆ.

"ಮಾರಿಬಿಡ್ತೀನಿ ಬೌಡೆವೈನ್. ಕಣ್ಣೆದುರಿಗಿದ್ರೆ ತಾನೇ ಈ ಅಳು?"

"ಅವಳನ್ನ ಕೇಳಿದೀಯಾ?"

"ಕೇಳಿದ್ರೆ ನಾಳೆ ಅಂತಾಳೆ."

ಅವನು ನಗಲಿಲ್ಲ. "ಅವಳ ನಾಣ್ಯ ಕಣಯ್ಯಾ ಅವು" ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡ. ಅವನಿಗೇನು, ಬೆಳಿಗ್ಗೆ ಎದ್ದು ಆ ಅಳು ಕೇಳುವವನು ನಾನು. ಉಟ್ರೆಕ್ಟಿನ ಹರಾಜಿನವರಿಗೆ ಫೋನ್ ಮಾಡಿದೆ. ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಬರುತ್ತಾರೆ.

ಫೆಬ್ರವರಿ 2, ಶುಕ್ರವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ಹರಾಜಿನ ಮನುಷ್ಯ ಹತ್ತೂವರೆಗೆ ಬಂದ. ಮೆದುಮಾತಿನವನು, ಶೂ ಬಾಗಿಲಲ್ಲೇ ಬಿಟ್ಟ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಡ್ರಾಯರನ್ನು ಅದರ ಮೇಲಿಟ್ಟು, ಒಂದೊಂದೇ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಎತ್ತಿ ನೋಡಿ, ಹಾಳೆಯ ಮೇಲೆ ಬರೆದುಕೊಳ್ಳುತ್ತ ಹೋದ. ಫೆನ್ನಾ ಕಿಟಕಿಯ ಕುರ್ಚಿಯಲ್ಲಿ ಬಂದರಿನ ಕಡೆ ಮುಖ ಮಾಡಿ ಕೂತಿದ್ದಳು. ಯಾರು ಬಂದಿದ್ದಾರೆಂದು ನಾನು ಹೇಳಿದ್ದೆ. ಯಾಕೆಂದು ಸರಿಯಾಗಿ ಹೇಳಿರಲಿಲ್ಲ. ಅದನ್ನೂ ಇಲ್ಲಿ ಬರೆದಿಡಬೇಕು.

ಏಳನೆಯದೋ ಎಂಟನೆಯದೋ ನಾಣ್ಯ. "ಹಾಲೆಂಡ್ ಪ್ರಾಂತದ್ದು, ಸ್ವಲ್ಪ ಸವೆದಿದೆ" ಎಂದು ಅವನು ಬರೆಯತೊಡಗಿದ. ಫೆನ್ನಾ ಎದ್ದಳು. ಮೇಜಿನ ಹತ್ತಿರ ಬಂದು ಎಡಗೈ ಚಾಚಿದಳು. ಅವನು ನನ್ನ ಮುಖ ನೋಡಿ, ಆಮೇಲೆ ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟ. ಅವಳು ಕಿಟಕಿಯ ಬೆಳಕಿಗೆ ಅದನ್ನು ವಾಲಿಸಿ ಹಿಡಿದಳು. ತುಟಿ ಅಲುಗಿತು.

"ಜೆಲ್" ಎಂದಳು.

ಎರಡು ತಿಂಗಳ ಮೇಲಾಗಿತ್ತು ಅವಳ ಬಾಯಿಂದ ಬೇರೊಂದು ಪದ ಕೇಳಿ.

ಅವನು ಮಸೂರ ಹಿಡಿದು ಮತ್ತೆ ನೋಡಿದ. ಕಿವಿಯ ತುದಿ ಕೆಂಪಾಯಿತು. "ಮೇಡಂ ಹೇಳಿದ್ದೇ ಸರಿ. ಇದು ಹಾಲೆಂಡಿನದಲ್ಲ, ಜೀಲಂಡಿನದು. ಪ್ರಾಂತದ ಹೆಸರಿನ ಅಕ್ಷರ ಸವೆದಿತ್ತು, ನಾನು ಅವಸರ ಮಾಡ್ದೆ."

ಅವಳು ಇನ್ನೊಂದನ್ನು ಎತ್ತಿಕೊಂಡಳು. "ಟ್ರಾ." ಮತ್ತೊಂದು. "ಫ್ರಿ." ಮತ್ತೆ ಇನ್ನೊಂದು. "ಹೋಲ್." ಎಲ್ಲವನ್ನೂ ಅದರದರ ಗುಳಿಯಲ್ಲಿಟ್ಟಳು. ಡ್ರಾಯರಿನ ಮೇಲೆ ಅಂಗೈ ಅಗಲಿಸಿ ಊರಿ, ನನ್ನನ್ನೇ ನೋಡುತ್ತ, "ನಾಳೆ" ಎಂದಳು.

ಆ ಮನುಷ್ಯ ಹಾಳೆ ಮಡಚಿ ಚೀಲಕ್ಕೆ ಹಾಕಿದ. "ಇದರ ಅರ್ಥ ನನಗೂ ಆಯ್ತು ಸಾರ್" ಎಂದು ಶೂ ಹಾಕಿಕೊಂಡು ಹೋದ.

ಅವಳು ಇಡೀ ಮಧ್ಯಾಹ್ನ ನನ್ನ ಕಡೆ ತಿರುಗಿ ನೋಡಲಿಲ್ಲ. ಸರಿಯಾಗೇ ಮಾಡಿದಳು.

ಫೆಬ್ರವರಿ 5, ಸೋಮವಾರ

ಮಿರ್ತೆಗೆ ಹೇಳಿದಾಗ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಸೇಬು, ಚೆಂಡು, ಬೆಕ್ಕಿನ ಚಿತ್ರಗಳಿದ್ದ ಕಾರ್ಡುಗಳನ್ನು ಚೀಲಕ್ಕೆ ಹಾಕಿದಳು. "ಮಾತಾಡೋ ದಾರಿ ಕಟ್ಟಿಹೋಗಿದೆ ಔಕೆ ಅವರೇ, ಓದೋ ದಾರಿ ಸ್ವಲ್ಪ ತೆರೆದಿದೆ. ನಲವತ್ತು ವರ್ಷ ನೋಡಿದ ಅಕ್ಷರ ಅಲ್ವಾ. ಇನ್ಮೇಲೆ ನಮ್ಮ ಪಾಠದ ಪುಸ್ತಕ ಈ ಡ್ರಾಯರೇ. ಆದ್ರೆ ದಿನಾ ಒಂದು ಗಂಟೆ ಕೂರಿಸೋದು ನಿಮ್ಮ ಕೆಲಸ."

"ನನಗೆ ಈ ನಾಣ್ಯದ ಗಂಧಗಾಳಿ ಗೊತ್ತಿಲ್ಲ ಮಿರ್ತೆ."

"ಒಳ್ಳೇದೇ ಆಯ್ತು. ಅವರು ಕಲಿಸಲಿ."

ಮೊದಲ ಪಾಠ ನನಗೇ ಆಯಿತು. ನಾಣ್ಯದ ಮೈಯನ್ನು ಬೆರಳಿನಿಂದ ಮುಟ್ಟಿದ್ದಕ್ಕೆ ಫೆನ್ನಾ ನನ್ನ ಕೈಗೆ ಪಟ್ಟನೆ ಹೊಡೆದಳು. ಅಂಚಿನಲ್ಲಿ ಹಿಡಿಯಬೇಕು. ಕೆಳಗೆ ಮೆತ್ತನೆ ಬಟ್ಟೆ ಇರಬೇಕು.

ಫೆಬ್ರವರಿ 9, ಶುಕ್ರವಾರ

ಡಕಟಿನ ಮೇಲೆ ಒಬ್ಬ ಯೋಧ ನಿಂತಿದ್ದಾನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಾಣಗಳ ಕಟ್ಟು. ಎಲ್ಲ ಪ್ರಾಂತದವರೂ ಒಂದೇ ತರಹದ ನಾಣ್ಯ ಹೊಡೆದದ್ದು. ಬೇರೆಯಾಗಿರುವುದು ಸುತ್ತಲಿನ ಅಕ್ಷರಗಳಲ್ಲಿ ಬರುವ ಪ್ರಾಂತದ ಹೆಸರು ಮಾತ್ರ. ಅದೂ ಪೂರ್ತಿ ಇಲ್ಲ. ಉಟ್ರೆಕ್ಟಿಗೆ ಲ್ಯಾಟಿನ್ನಿನಲ್ಲಿ ಉದ್ದದ ಹೆಸರಿದೆಯಂತೆ, ನಾಣ್ಯದ ಮೇಲೆ ಬರೀ ಟ್ರಾ. ಇಷ್ಟು ಸಣ್ಣ ಬಿಲ್ಲೆಯ ಮೇಲೆ ಜಾಗ ಎಲ್ಲಿ? ಎಲ್ಲ ಪದಗಳನ್ನೂ ಅರ್ಧಕ್ಕೆ ಕತ್ತರಿಸಿದ್ದಾರೆ. ಆದರೂ ನಾಲ್ಕುನೂರು ವರ್ಷದಿಂದ ಜನ ಅದನ್ನು ಓದಿ ಅರ್ಥ ಮಾಡಿಕೊಂಡೇ ಬಂದಿದ್ದಾರೆ.

ಇದನ್ನು ಫೆನ್ನಾಗೆ ಹೇಳಿದೆ. ಅವಳು ಕೈಯಲ್ಲಿದ್ದ ನಾಣ್ಯವನ್ನು ಗುಳಿಯಲ್ಲಿಟ್ಟಳು. ಆಮೇಲೆ ನನ್ನ ಕೆನ್ನೆ ತಟ್ಟಿದಳು.

ಇವತ್ತು ಏಳರವರೆಗೆ ಎಣಿಸಿದೆ.

ಫೆಬ್ರವರಿ 20, ಮಂಗಳವಾರ

ಪದಗಳ ಪಟ್ಟಿ: ಬಾಣ. ಕತ್ತಿ. ಕಾಲು. (ಯೋಧನ ಕಾಲಿನಿಂದ ಕಲಿತದ್ದು. ಬೆಳಿಗ್ಗೆ "ಕಾಲು, ಕಾಲು" ಎಂದಳು, ಕಾಲುಚೀಲ ಕೊಟ್ಟೆ, ಸರಿಯಾಗಿತ್ತು.) ಚಿನ್ನ. ಇಲ್ಲ. ಈ ಕೊನೆಯದನ್ನು ದಿನಕ್ಕೆ ಐವತ್ತು ಸಲ ಹೇಳುತ್ತಾಳೆ.

ಫೆಬ್ರವರಿ 24, ಶನಿವಾರ

ಬೀರುವಿನ ತಳದಲ್ಲಿ ಅವಳ ಹಸಿರು ರಟ್ಟಿನ ಪುಸ್ತಕ ಸಿಕ್ಕಿತು. ನಾಣ್ಯಗಳ ವಿವರ ಇರಬೇಕೆಂದು, ಪಾಠಕ್ಕಾಗುತ್ತದೆಂದು ತೆರೆದೆ. ಒಂದೊಂದು ನಾಣ್ಯಕ್ಕೂ ಒಂದೊಂದು ಪುಟ. ಪ್ರಾಂತ, ತೂಕ, ಕೊಂಡ ಊರು. ಕೆಳಗೆ ಒಂದೋ ಎರಡೋ ಸಾಲು ಬೇರೆ ಮಾತು.

"ಮಿಡ್ಲ್‌ಬರ್ಗ್. ಜೋರು ಮಳೆ. ಔಕೆ ಕಾರಿನಲ್ಲೇ ಇದ್ದ. ಒಳಗೆ ಬಾ ಅಂದೆ. ಬರಲಿಲ್ಲ."

"ಕಾಂಪನ್. ಅಂಗಡಿಯವನು ಬಹಳ ತಮಾಷೆಯ ಮುದುಕ. ಔಕೆ ಇದ್ದಿದ್ದರೆ ನಗುತ್ತಿದ್ದ. ಬರಲಿಲ್ಲ."

"ಡೆವೆಂಟರ್. ಈ ಸಲ ಕರೆಯಲಿಲ್ಲ."

ಇಪ್ಪತ್ತಾರು ಪುಟ ಓದಿ, ಇದ್ದಲ್ಲಿಯೇ ಇಟ್ಟೆ. ಗಾಳಿ ಪಶ್ಚಿಮ.

ಮಾರ್ಚ್ 13, ಬುಧವಾರ

ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಇವತ್ತು ಫೆನ್ನಾಳ ಅರವತ್ತಮೂರನೆಯ ಹುಟ್ಟುಹಬ್ಬ. ಏನಾದರೂ ಒಳ್ಳೆಯದು ಮಾಡಬೇಕೆಂದು ಎರಡು ವಾರದಿಂದ ತಲೆಯಲ್ಲಿತ್ತು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ನಮ್ಮ ಫ್ರೀಸ್‌ಲ್ಯಾಂಡಿನದೇ ಡಕಟ್, ಡ್ರಾಯರಿನಲ್ಲಿ ಎಲ್ಲಕ್ಕಿಂತ ಹಳೆಯದು. ಯೋಧನ ಕಾಲ ಸಂದಿಯಲ್ಲಿ, ಅಕ್ಷರಗಳ ಬುಡದಲ್ಲಿ ಕಂದು ಕೊಳೆ ಕೂತಿತ್ತು. ಅವಳು ಏಳುವ ಮೊದಲೇ ಅಡುಗೆಮನೆಯಲ್ಲಿ ಸೋಡಾ ಪುಡಿ ಕಲಸಿ, ನನ್ನ ಹಲ್ಲುಜ್ಜುವ ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿ ತೊಳೆದೆ. ನಿನ್ನೆ ಹೊಡೆದಂತೆ ಹೊಳೆಯಿತು. ಕೇಕಿನ ತಟ್ಟೆಯ ಪಕ್ಕ ಇಟ್ಟೆ.

ಅವಳು ಬಂದಳು, ಕೂತಳು, ನೋಡಿದಳು. ಅಂಚಿನಲ್ಲಿ ಹಿಡಿದು ಕಿಟಕಿಗೆ ತಿರುಗಿಸಿದಳು. ಮುಖದ ಬಣ್ಣವೇ ಹೋಯಿತು. ಬಾಯಿ ತೆರೆದು ಮುಚ್ಚಿತು. ನಾನು ಎಣಿಸತೊಡಗಿದೆ.

"ಕ" ಎಂದಳು. "ಕ... ಕ..."

ಕೇಕ್ ಎನ್ನುತ್ತಾಳೆ ಅಂದುಕೊಂಡೆ.

"ಕತ್ತೆ!"

ಮೇಜು ಗುದ್ದಿದಳು. "ಕತ್ತೆ! ನೀನು... ಕತ್ತೆ!"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಜಾರಕ್ಕೆ ಓಡಿ ಮಿರ್ತೆಗೆ ಫೋನ್ ಮಾಡಿದೆ. "ಮಿರ್ತೆ, ನನ್ನ ಹೆಂಡ್ತಿ ನನ್ನನ್ನ ಕತ್ತೆ ಅಂದ್ಲು! ನೀನು ಕತ್ತೆ ಅಂತ! ಎರಡು ಪದ, ಒಟ್ಟಿಗೆ!"

"ಅಭಿನಂದನೆ ಔಕೆ ಅವರೇ!" ಎಂದು ಆ ಕಡೆಯಿಂದ ಕೂಗಿದಳು. "ಏನು ಮಾಡಿದ್ರಿ?"

ಏನು ಮಾಡಿದೆನೆಂದು ಬೌಡೆವೈನ್ ಮಧ್ಯಾಹ್ನ ತಿಳಿಸಿದ. ಮಸೂರದಲ್ಲಿ ನೋಡಿ ನನಗೂ ತೋರಿಸಿದ. ಮೈತುಂಬ ಸಣ್ಣ ಗೀರುಗಳು, ಐಸಿನ ಮೇಲೆ ಸ್ಕೇಟ್ ಎಳೆದ ಹಾಗೆ. ಹಳೆಯ ನಾಣ್ಯವನ್ನು ಯಾರೂ ಉಜ್ಜುವುದಿಲ್ಲವಂತೆ. ಆ ಕಂದು ಮಸುಕೇ ಅದರ ವಯಸ್ಸಂತೆ.

"ನಾಲ್ಕುನೂರು ವರ್ಷ ಕಣಯ್ಯಾ. ಯುದ್ಧಕ್ಕೆ ಸಿಗಲಿಲ್ಲ, ಕಳ್ಳರಿಗೆ ಸಿಗಲಿಲ್ಲ, ಕರಗಿಸೋರಿಗೆ ಸಿಗಲಿಲ್ಲ. ಕೊನೆಗೆ ನಿನ್ನ ಹಲ್ಲುಜ್ಜೋ ಬ್ರಷ್ಷಿಗೆ ಸಿಕ್ತು ನೋಡು."

"ಸರಿ ಮಾಡೋಕಾಗಲ್ವಾ?"

"ಆಗಲ್ಲ."

ಕೇಕನ್ನು ಯಾರೂ ಮುಟ್ಟಲಿಲ್ಲ.

ಮಾರ್ಚ್ 15, ಶುಕ್ರವಾರ

ಎರಡು ದಿನದಿಂದ ಅವಳು ಆ ನಾಣ್ಯದ ಗುಳಿಯನ್ನು ನೋಡುತ್ತಿಲ್ಲ, ನನ್ನನ್ನೂ ನೋಡುತ್ತಿಲ್ಲ. ಪಾಠ ಇಲ್ಲ.

ಬೆಳಿಗ್ಗೆ ಹತ್ತಿರ ಕೂತು ಹೇಳಿದೆ. "ಫೆನ್ನಾ, ಹಸಿರು ಪುಸ್ತಕ ಓದ್ದೆ. ನಿನ್ನ ಕೇಳದೇನೇ ಓದ್ದೆ. ನೀನು ಅಷ್ಟು ಸಲ ಕರೆದಾಗ ಬರಬೇಕಿತ್ತು. ಬಂದಿದ್ರೆ ನಾಣ್ಯ ಉಜ್ಜಬಾರದು ಅಂತ ಆವಾಗ್ಲೇ ಗೊತ್ತಿರ್ತಿತ್ತು. ಅಷ್ಟೇ ಅಲ್ಲ... ಬರಬೇಕಿತ್ತು."

ನನ್ನ ಮಾತೂ ಅಲ್ಲಿಗೇ ನಿಂತಿತು. ಈ ಸಲ ಕಾದವಳು ಅವಳು. ಆಮೇಲೆ ಎಡಗೈಯಿಂದ ನನ್ನ ತೋಳು ಹಿಡಿದು, ಬೀರುವಿನ ಕಡೆ ತಳ್ಳಿದಳು. ಡ್ರಾಯರ್ ತಂದೆ. ಒಂದು ಗಂಟೆ ಕೂತೆವು.

ಮಾರ್ಚ್ 29, ಶುಕ್ರವಾರ

ಸಂಘಕ್ಕೆ ಹೋಗಬೇಕಂತೆ. ಕ್ಯಾಲೆಂಡರಿನಲ್ಲಿ ಏಪ್ರಿಲ್ ಆರರ ಮೇಲೆ ಬೆರಳಿಟ್ಟು, "ನಾನು" ಎಂದಳು. ಆಮೇಲೆ ಬೆರಳನ್ನು ನನ್ನ ಎದೆಗೆ ಚುಚ್ಚಿದಳು. ಆ ದಿನ ಪ್ರತಿಯೊಬ್ಬರೂ ತಮ್ಮ ಒಂದು ನಾಣ್ಯದ ಬಗ್ಗೆ ಮಾತನಾಡುವುದು ವಾಡಿಕೆ. ಹನ್ನೊಂದು ಜನರ ಮುಂದೆ ಅವಳ ನಾಲಿಗೆ ಕಟ್ಟಿಕೊಂಡರೆ? ಅವರ 'ಅಯ್ಯೋ ಪಾಪ' ಎನ್ನುವ ಮುಖ ನೋಡಿ ಬಂದು ಅವಳು ಮತ್ತೆ ಗೋಡೆಯ ಕಡೆ ತಿರುಗಿಬಿಟ್ಟರೆ?

ಬೇಡ ಎನ್ನಲು ಬಾಯಿ ತೆರೆದೆ. ಆದರೆ ಕೇಳಿದ್ದು ಇಷ್ಟೇ: "ಯಾವ ನಾಣ್ಯ ತಗೊಂಡು ಹೋಗ್ತೀಯಾ?"

ಜೀಲಂಡಿನದು. ಮಿಡ್ಲ್‌ಬರ್ಗಿನಲ್ಲಿ ಕೊಂಡದ್ದು.

ಏಪ್ರಿಲ್ 6, ಶನಿವಾರ

ಕಾರಿಗೆ ಬೀಗ ಹಾಕಿ ಒಳಗೆ ಹೋದೆ. ಆ ಹಿಂದಿನ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಉದ್ದದ ಮೇಜು, ಹಸಿರು ಬಟ್ಟೆ, ನೇತುಹಾಕಿದ ದೀಪ, ಒದ್ದೆ ಕೋಟುಗಳ ವಾಸನೆ.

"ಬಂದ್ಯಾ ಸೇತುವೆ ಸಾಹೇಬ!" ಎಂದ ಬೌಡೆವೈನ್. "ಎಲ್ಲಾರೂ ನಾಣ್ಯ ಮುಚ್ಚಿಟ್ಕೊಳ್ರಪ್ಪಾ, ಬ್ರಷ್ ತಂದಿರ್ತಾನೆ."

ಎಲ್ಲರೂ ನಕ್ಕರು. ಫೆನ್ನಾ ಎಲ್ಲರಿಗಿಂತ ಜೋರಾಗಿ ನಕ್ಕಳು. ವಿಷಯ ಊರಿಗೆಲ್ಲ ಗೊತ್ತಾಗಿದೆ, ಇರಲಿ.

ಅವಳ ಸರದಿ ಐದನೆಯದು. ಎದ್ದು ನಿಂತಳು. ನಾಣ್ಯವಿದ್ದ ತಟ್ಟೆಯನ್ನು ಮೇಜಿನ ಮೇಲೆ ದಾಟಿಸಿದಳು. "ಡಕಟ್" ಎಂದಳು. "ಚಿನ್ನ." ಅಲ್ಲಿಗೆ ನಿಂತಿತು. ಬಾಯಿ ಪದದ ಆಕಾರ ಹಿಡಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಪಕ್ಕದಲ್ಲಿದ್ದವನು ತಡೆಯಲಾರದೆ, "ಜೀ—" ಎಂದು ಶುರುಮಾಡಿದ.

"ಹೇಳಬೇಡಿ" ಎಂದೆ. ಸೇತುವೆಯ ಮೈಕಿನಲ್ಲಿ ಕೂಗುತ್ತಿದ್ದ ದನಿಯೇ ಬಂದುಬಿಟ್ಟಿತು. "ಯಾರೂ ಹೇಳಬೇಡಿ. ಅವಳಿಗೆ ಗೊತ್ತಿದೆ. ಬರ್ತಿದೆ."

ಹತ್ತಾಯಿತು. ಇಪ್ಪತ್ತಾಯಿತು. ಹೊರಗೆ ದ್ವೀಪಕ್ಕೆ ಹೋಗುವ ಹಡಗು ಕೂಗು ಹಾಕಿತು. ಬೌಡೆವೈನ್ ತನ್ನ ಕೈಗಳನ್ನೇ ನೋಡುತ್ತಿದ್ದ. ಮೂವತ್ತೊಂದು ಎಣಿಸಿದ್ದೆ.

"ಜೀಲಂಡ್" ಎಂದಳು. ಪೂರ್ತಿ ಪದ. ನಾಣ್ಯದ ಮೇಲೂ ಅಷ್ಟಿಲ್ಲ.

ಆಮೇಲೆ ದಾರಿ ಸಿಕ್ಕಿದವಳಂತೆ, ಒಂದೊಂದೇ ಕಲ್ಲಿನ ಮೇಲೆ ಹೆಜ್ಜೆ ಇಟ್ಟಂತೆ: "ಮಿಡ್ಲ್‌ಬರ್ಗ್... ಮಳೆ. ನಾನು... ಒಳಗೆ. ಔಕೆ... ಕಾರು." ನನ್ನ ಕಡೆ ತಿರುಗಿದಳು. "ಇವತ್ತು... ಔಕೆ... ಒಳಗೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಸದ್ಯ. ಬೌಡೆವೈನ್ ಮೂಗು ಒರೆಸಿಕೊಂಡು, "ಸವೆತ ಎಷ್ಟಿದೆ ನೋಡೋಣ, ಈ ಕಡೆ ಕೊಡಿ" ಎಂದು ಎಲ್ಲರ ನಾಣ್ಯ ನೋಡುವ ಹಾಗೇ ಆ ನಾಣ್ಯವನ್ನೂ ನೋಡಿದ. ಅವನ ಮೇಲೆ ನನಗೆ ಬಹಳ ಗೌರವ ಬಂತು.

ಏಪ್ರಿಲ್ 22, ಸೋಮವಾರ

ಸಂಘದ ಪುಸ್ತಕದಲ್ಲಿ ನನ್ನ ಹೆಸರನ್ನೂ ಬರೆದುಕೊಂಡಿದ್ದಾರೆ. ಕಾಫಿ ಹಂಚಲು ಯಾರಾದರೂ ಬೇಕಿತ್ತು, ಅದಕ್ಕೆ.

ಮೇ 11, ಶನಿವಾರ

ಲೇವಾರ್ಡನ್‌ನಲ್ಲಿ ನಾಣ್ಯದ ಸಂತೆ. ಹಳೆಯ ಚರ್ಚಿನ ಸಭಾಂಗಣ, ಮೂವತ್ತು ಮೇಜು. ಬಿಸಿಲು, ಗಾಳಿ ದಕ್ಷಿಣ.

ಮೂರನೆಯ ಮೇಜಿನಲ್ಲಿ ಬೂದುಗೂದಲಿನ ಹೆಂಗಸು ಕೂತಿದ್ದಳು. ಫೆನ್ನಾ ಒಂದು ಡಕಟಿನ ಮೇಲೆ ಕಣ್ಣಿಟ್ಟಳು. ಆ ಹೆಂಗಸು ನನ್ನನ್ನು ಕೇಳಿದಳು, "ಮೇಡಂಗೆ ಯಾವುದು ಬೇಕಂತೆ?"

"ಅವರನ್ನೇ ಕೇಳಿ" ಎಂದೆ.

ಫೆನ್ನಾ, "ತೂಕ" ಎಂದಳು. ಹೆಂಗಸು ಸಣ್ಣ ತಕ್ಕಡಿ ತೆಗೆದಳು. ಫೆನ್ನಾ ಮುಳ್ಳನ್ನು ನೋಡಿ ಹುಬ್ಬೇರಿಸಿ, "ಕಮ್ಮಿ" ಎಂದಳು. ಅಂಚಿನ ಒಂದು ಕಡೆ ಉಗುರು ಇಟ್ಟು ತೋರಿಸಿದಳು. ಯಾವುದೋ ಕಾಲದಲ್ಲಿ ಯಾರೋ ಅಲ್ಲಿಂದ ಒಂದಿಷ್ಟು ಚಿನ್ನ ಕೆರೆದುಕೊಂಡಿದ್ದರು. ಹೆಂಗಸು ಬೆಲೆ ಇಳಿಸಿದಳು. "ಜಾಸ್ತಿ." ಇನ್ನೂ ಇಳಿಸಿದಳು. "ಜಾಸ್ತಿ!"

"ನಿಮ್ಮ ಹೆಂಡತಿ ಹತ್ರ ವ್ಯಾಪಾರ ಮಾಡೋದು ಕಷ್ಟ ಕಣ್ರೀ. ನಾನು ಹತ್ತು ಮಾತಾಡ್ಬೇಕು, ಅವರು ಒಂದೇ ಮಾತಲ್ಲಿ ಮುಗಿಸ್ತಾರೆ."

ಅವರಿಬ್ಬರೂ ಹೀಗೆ ಜಗ್ಗಾಡುತ್ತಿರುವಾಗ ನಾನು ಸುಮ್ಮನೆ, ಹೊತ್ತು ಹೋಗಲೆಂದು, ಮೇಜಿನ ಮೂಲೆಯಲ್ಲಿದ್ದ ತಗಡಿನ ಡಬ್ಬಿ ನೋಡುತ್ತಿದ್ದೆ. ಕೆಟ್ಟ ನಾಣ್ಯಗಳ ಡಬ್ಬಿ. ಅದರಲ್ಲಿ ತೂತು ಕೊರೆದ ಒಂದು ಡಕಟ್ ಇತ್ತು. ಯಾರೋ ಕೊರಳಿಗೆ ಕಟ್ಟಿಕೊಂಡಿದ್ದಿರಬೇಕು. ತೂತು ಸರಿಯಾಗಿ ಯೋಧನ ತಲೆಯ ಮೇಲೇ ಬಿದ್ದು, ತಲೆಯಿಲ್ಲದ ಯೋಧ ಬಾಣ ಹಿಡಿದು ನೆಟ್ಟಗೆ ನಿಂತಿದ್ದ. ಒಂದು ಕಡೆ ಬಾಗಿದೆ ಕೂಡ. ಸಂಗ್ರಹ ಮಾಡುವವರು ಇಂಥದನ್ನು ಮುಟ್ಟುವುದಿಲ್ಲ, ಅದು ನನಗೆ ಗೊತ್ತು.

ಕೊಂಡೆ.

ಮನೆಗೆ ಬಂದು ಮಸೂರದಲ್ಲಿ ನೋಡಿದೆ. ಓವರ್‌ಐಸೆಲ್ ಪ್ರಾಂತದ್ದು, ಹೆಸರಿನ ಮೊದಲ ಆರು ಅಕ್ಷರ ಸ್ಪಷ್ಟ. ಇಸವಿಯ ಕೊನೆಯ ಅಂಕಿ ಮೂರೋ ಎಂಟೋ ಹೇಳಲಾಗುವುದಿಲ್ಲ, ಬಿಸಿಲು ಓರೆಯಾಗಿ ಬೀಳುವಾಗ ಎಂಟರಂತೆ ಕಾಣುತ್ತದೆ. ತೂತಿನ ಒಳ ಅಂಚು ಮೇಲ್ಗಡೆ ಮಾತ್ರ ಸವೆದಿದೆ, ಅಂದರೆ ಬಹಳ ವರ್ಷ ದಾರದಲ್ಲಿ ನೇತಾಡಿದೆ. ಹಿಂಬದಿಯಲ್ಲಿ ಅಕ್ಷರಗಳಿರುವ ಚೌಕದ ಎಡ ಮೇಲ್ಮೂಲೆಯಲ್ಲಿ ಸಣ್ಣ ಬಿರುಕು, ನಾಣ್ಯ ಹೊಡೆದ ಅಚ್ಚಿನದೇ ಇರಬೇಕು, ಬೌಡೆವೈನನನ್ನು ಕೇಳಬೇಕು. ಕಂದು ಕೊಳೆ ಬೇಕಾದಷ್ಟಿದೆ, ಮುಟ್ಟುವುದಿಲ್ಲ. ತಲೆಯೆತ್ತಿ ನೋಡಿದರೆ ಆಲೂಗಡ್ಡೆ ತಳ ಹಿಡಿದಿತ್ತು. ಫೆನ್ನಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

ಬೀರುವಿನಲ್ಲಿ ಒಂದು ಖಾಲಿ ಡ್ರಾಯರ್ ಇತ್ತು. ಅದನ್ನು ಎಳೆದು, ಮೊದಲ ಗುಳಿಯನ್ನು ತೋರಿಸಿದಳು. ಇಟ್ಟೆ. ಅಷ್ಟು ದೊಡ್ಡ ಡ್ರಾಯರಿನಲ್ಲಿ ಒಂದೇ ಒಂದು, ಅದೂ ತೂತಿನದು.

"ಒಂದೇ ನಾಣ್ಯ ಇದ್ರೆ ಅದಕ್ಕೆ ಸಂಗ್ರಹ ಅಂತಾರಾ ಫೆನ್ನಾ?" ಎಂದು ಕೇಳಿದೆ.

"ಇಲ್ಲ" ಎಂದಳು. ಪಕ್ಕದ ಖಾಲಿ ಗುಳಿಯ ಮೇಲೆ ಬೆರಳಿಟ್ಟು ಹೇಳಿದಳು, "ಎರಡಾದ್ರೂ... ಬೇಕು."